ಹುಷಾರಿಲ್ಲದವರಿಗೆ ಜಪಾನಿನಲ್ಲಿ ಏನು ಹೇಳುವುದು?

ಜ್ವರ ಬಂದ ಗೆಳೆಯನಿಗೆ ‘ಒದಾಯ್ಜಿ ನಿ’ ಎಂದರೆ ಸಾಕು. ನಮ್ಮ ‘ಹುಷಾರಾಗಿ ನೋಡ್ಕೋ’ ಇದ್ದ ಹಾಗೆ. ಜಪಾನಿನ ಕ್ಲಿನಿಕ್‌ನಲ್ಲೋ ಔಷಧಿ ಅಂಗಡಿಯಲ್ಲೋ ದುಡ್ಡು ಕೊಟ್ಟು ಹೊರಡುವಾಗಲೂ ಇದೇ ಮಾತು ಕಿವಿಗೆ ಬೀಳುತ್ತದೆ.

ಮೇಲಧಿಕಾರಿಗೆ ಇಷ್ಟೇ ಹೇಳಿದರೆ ಅರ್ಧಕ್ಕೆ ನಿಲ್ಲಿಸಿದಂತೆ ಕೇಳುತ್ತದೆ. ಅಲ್ಲಿ ‘ಒದಾಯ್ಜಿ ನಿ ನಸಾತ್ತೆ ಕುದಸಾಯ್’ ಎಂದು ಪೂರ್ತಿ ಮಾಡಿ. ‘ನಸಾರು’ ಎನ್ನುವುದು ‘ಮಾಡು’ ಎಂಬುದರ ಗೌರವ ರೂಪ. ಯಾವುದು ಹೇಳಬೇಕೆಂದು ಗೊಂದಲವಾದರೆ ನಾನಂತೂ ಈ ಉದ್ದದ್ದನ್ನೇ ಆರಿಸುತ್ತೇನೆ.

ಎಡವುವುದು ‘ಗೊಜಿಆಯ್ ಕುದಸಾಯ್’ ಹತ್ತಿರ. ‘ಆರೋಗ್ಯ ಜೋಪಾನ’ ಎಂಬ ಅರ್ಥ ನೋಡಿ, ಕಾಯಿಲೆಯವರಿಗೂ ಸರಿ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಇದು ಚೆನ್ನಾಗಿರುವವರಿಗೆ, ಪತ್ರ ಅಥವಾ ಮೇಲ್‌ನ ಕೊನೆಯಲ್ಲಿ ಬರೆಯುವ ಮಾತು. ಮಲಗಿದವರಿಗೆ ಬೇಡ. ‘ಗಂಬಾತ್ತೆ’ ಕೂಡ ಅಷ್ಟೇ. ‘ಇನ್ನೂ ಪ್ರಯತ್ನಪಡು’ ಎಂದು ಸುಮ್ನೆ ಒತ್ತಡ ಹೇರಿದಂತಾಗಬಹುದು.

ತೀರಾ ಔಪಚಾರಿಕ ಪತ್ರಕ್ಕೆ ‘ಒಮಿಮಾಯ್ ಮೋಶಿಆಗೆಮಾಸು’ ಇದೆ, ‘ನನ್ನ ಸಹಾನುಭೂತಿ ಸಲ್ಲಿಸುತ್ತೇನೆ’ ಎಂಬಂತೆ. ಭೂಕಂಪ, ನೆರೆಯಲ್ಲಿ ನೊಂದವರಿಗೂ ಇದು ಸಲ್ಲುತ್ತದೆ. ಗೆಳೆಯನಿಗೆ ಹೇಳಿದರೆ ಜಾಸ್ತಿಯಾಯಿತು.

ಹೂ ಒಯ್ಯುವುದಾದರೆ ಕುಂಡದ ಗಿಡ ಮಾತ್ರ ಬೇಡ. ಬೇರು ಬಿಡುವುದಕ್ಕೆ ‘ನೆಝುಕು’ ಎನ್ನುತ್ತಾರೆ. ಹಾಸಿಗೆ ಹಿಡಿಯುವುದಕ್ಕೆ ‘ನೆತ್ಸುಕು’, ಕೇಳಲು ಹೆಚ್ಚುಕಮ್ಮಿ ಅದೇ!