ಹ್ಯಾಟನ್, ಕಂದಪೊಳ, ಹಪುತಳೆ: ಲಂಕಾದ ಮೂರು ಟೀ ತೋಟದ ಮನೆಗಳಲ್ಲಿ ಆರು ರಾತ್ರಿ

ನನ್ನ ಊರು ಸುಳ್ಯದ ಹತ್ತಿರ. ಶಾಲೆಗೆ ಹೋಗುವ ದಾರಿಯಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ ಸಿಗುತ್ತಿತ್ತು. ಅಲ್ಲಿ ಟ್ಯಾಪಿಂಗ್ ಮಾಡುವವರು ಲಂಕಾದಿಂದ ಬಂದ ತಮಿಳರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಲಂಕಾದ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡ ಮೇಲೆ ಟೀ ತೋಟಗಳಿಂದ ಲಕ್ಷಗಟ್ಟಲೆ ಜನ ಭಾರತಕ್ಕೆ ಬಂದರು. ಅವರಲ್ಲಿ ಒಂದಷ್ಟು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಿಗೆ ಬಂದು ನೆಲೆಸಿದವು. ನನ್ನ ಗೆಳತಿಯ ಅಜ್ಜಿ ಹುಟ್ಟಿದ್ದು ಹಪುತಳೆ ಹತ್ತಿರದ ತೋಟದ ಲಯದಲ್ಲಿ. ಲಯ ಅಂದರೆ ನಮ್ಮ ಕಡೆಯ ಲೈನ್ ಮನೆ. "ದೊರೈ ಬಂಗಲೆ", ಅಂದರೆ ತೋಟದ ಮ್ಯಾನೇಜರ್ ಇರುವ ಮನೆ, ಎನ್ನುವ ಮಾತು ನಾನು ಮೊದಲು ಕೇಳಿದ್ದು ಆ ಅಜ್ಜಿಯ ಬಾಯಲ್ಲೇ.

ಹಾಗಾಗಿ 2025ರ ಫೆಬ್ರವರಿಯಲ್ಲಿ ಲಂಕಾಕ್ಕೆ ಹೋದಾಗ ಸಮುದ್ರದ ದಂಡೆ ಬಿಟ್ಟು ಬೆಟ್ಟದ ಕಡೆ ಹೋದೆವು. ನಾನು, ನನ್ನ ಗಂಡ ಮತ್ತು ಎಪ್ಪತ್ತೆರಡು ವರ್ಷದ ಅಮ್ಮ. ಮೂರು ಕಡೆ ಉಳಿದೆವು. ಹ್ಯಾಟನ್ ಕಡೆಯ ಒಂದು ಹಳೆಯ ದೊರೆ ಬಂಗಲೆಯಲ್ಲಿ ಎರಡು ರಾತ್ರಿ, ಕಂದಪೊಳದಲ್ಲಿ ಹೋಟೆಲಾಗಿ ಬದಲಾದ ಟೀ ಫ್ಯಾಕ್ಟರಿಯಲ್ಲಿ ಒಂದು ರಾತ್ರಿ, ಹಪುತಳೆಯಲ್ಲಿ ಒಂದು ಕುಟುಂಬ ನಡೆಸುವ ಚಿಕ್ಕ ಬಂಗಲೆಯಲ್ಲಿ ಮೂರು ರಾತ್ರಿ. ಹ್ಯಾಟನ್‌ನ ಒಂದು ರಾತ್ರಿಯ ದುಡ್ಡಿಗೆ ಹಪುತಳೆಯಲ್ಲಿ ಆರು ರಾತ್ರಿ ಇರಬಹುದಿತ್ತು. ಅಷ್ಟು ವ್ಯತ್ಯಾಸ.

ಹ್ಯಾಟನ್ ಬಂಗಲೆಯನ್ನು ಕಂಡ ಕೂಡಲೇ ಮನಸ್ಸು ಸೋತದ್ದು ನಿಜ. ಉದ್ದನೆಯ ವರಾಂಡ, ಕೆಂಪು ಸಿಮೆಂಟಿನ ನೆಲ, ಪ್ರತಿ ಕೋಣೆಗೂ ಬೆಂಕಿಗೂಡು. ಮುಂದೆ ಹುಲ್ಲಿನ ಅಂಗಳ, ಅದರ ಕೆಳಗೆ ಕಣಿವೆ ಪೂರ್ತಿ ಟೀ. ಇಂಥ ಮನೆಗಳ ಹಿಂದೆ ಒಂದು ರೋಗದ ಕಥೆಯಿದೆ. ಲಂಕಾದ ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಮುಂದಿನ ಎರಡು ದಶಕಗಳಲ್ಲಿ ತೋಟಗಳನ್ನು ಮುಗಿಸಿಬಿಟ್ಟಿತು. ಅದಕ್ಕೆ ಎರಡು ವರ್ಷ ಮೊದಲು ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲ್‌ಕಂಡೇರ ತೋಟದಲ್ಲಿ 19 ಎಕರೆಗೆ ಟೀ ಹಾಕಿದ್ದ. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿಗೂ ಇದೇ ತುಕ್ಕು ಬಂದಿತ್ತು. ನಮ್ಮಲ್ಲಿ ಕಾಫಿ ಉಳಿಯಿತು, ಅಲ್ಲಿ ಹೋಯಿತು.

1970ರ ದಶಕದಲ್ಲಿ ದೊಡ್ಡ ತೋಟಗಳೆಲ್ಲ ಸರ್ಕಾರದ ಕೈಗೆ ಬಂದವು. 1992ರಿಂದ ಮತ್ತೆ ಕಂಪನಿಗಳು ನಡೆಸುತ್ತಿವೆ. ಒಬ್ಬ ಮ್ಯಾನೇಜರ್‌ಗೆ ಇಷ್ಟು ದೊಡ್ಡ ಮನೆ ಯಾಕೆ ಬೇಕು? ಕೆಲವು ಬಂಗಲೆಗಳು ಹೀಗೆ ಅತಿಥಿಗಳಿಗೆ ತೆರೆದುಕೊಂಡವು.

ಅಲ್ಲಿನ ಸೇವೆಗೆ ಹೆಸರಿಡುವ ಹಾಗಿಲ್ಲ. ಬೆಳಿಗ್ಗೆ ಆರೂವರೆಗೆ ಕೋಣೆಗೇ ಬೆಡ್ ಟೀ. ರಾತ್ರಿ ಮಲಗುವ ಹೊತ್ತಿಗೆ ಹೊದಿಕೆಯ ಒಳಗೆ ಬಿಸಿನೀರಿನ ಚೀಲ. ಅಮ್ಮನ ಮಂಡಿನೋವಿಗೆ ಅದು ವರವೇ ಆಯ್ತು. ಮೆಟ್ಟಿಲು ಕಡಿಮೆ, ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಹಿಡಿಕೆ. ರಾತ್ರಿ ವರಾಂಡದಲ್ಲಿ ಕೂತರೆ ದೂರದಲ್ಲಿ ಶ್ರೀಪಾದ ಬೆಟ್ಟ ಹತ್ತುವ ದಾರಿಯ ದೀಪಗಳು ಸಾಲಾಗಿ ಕಾಣುತ್ತಿದ್ದವು. ಡಿಸೆಂಬರ್‌ನಿಂದ ಮೇವರೆಗೆ ಯಾತ್ರೆಯ ಕಾಲ, ಆಗ ಮಾತ್ರ ಆ ದೀಪಗಳು. ಅಮ್ಮ ಆ ಕಡೆಗೆ ಕೈ ಮುಗಿದು ಬಹಳ ಹೊತ್ತು ಕೂತಿದ್ದರು.

ಊಟ ಮಾತ್ರ ನಮಗೆ ಸರಿಹೋಗಲಿಲ್ಲ. ಸೂಪಿನಿಂದ ಶುರುವಾಗಿ ಪುಡಿಂಗ್‌ವರೆಗೆ ತಟ್ಟೆಯ ಮೇಲೆ ತಟ್ಟೆ. ಅನ್ನ ಬೇಕು ಅಂದರೆ ಹಿಂದಿನ ದಿನವೇ ಹೇಳಬೇಕು. ಅಮ್ಮನಿಗೆ ಅಡುಗೆಮನೆ ನೋಡುವ ಆಸೆ. ಹಳೆಯ ಬಂಗಲೆಗಳಲ್ಲಿ ಅಡುಗೆಮನೆ ಹಿಂದೆ, ಬೇರೆಯೇ ಕಟ್ಟಡದಲ್ಲಿ ಇರುತ್ತದೆ. ಹೊಗೆಯೂ ಒಗ್ಗರಣೆಯ ವಾಸನೆಯೂ ದೊರೆಯ ಕೋಣೆಗೆ ಬರಬಾರದು ಅಂತ ಹಾಗೆ ಕಟ್ಟಿದ್ದು. "ಎರಡು ದಿನ ಆಯ್ತು, ಒಲೆ ಎಲ್ಲಿದೆ ಅಂತ ಗೊತ್ತಾಗಲಿಲ್ಲ ಮಗಾ" ಎಂದರು ಅಮ್ಮ.

ಎರಡನೇ ದಿನ ನಾನು ಲಯದ ಕಡೆ ನಡೆದು ಹೋಗಬಹುದಾ ಅಂತ ಕೇಳಿದೆ. "ಅಲ್ಲಿ ನೋಡೋಕೆ ಏನೂ ಇಲ್ಲ ಮೇಡಂ, ಫ್ಯಾಕ್ಟರಿ ತೋರಿಸ್ತೀವಿ" ಎಂದರು. ಒರಟಾಗಿ ಹೇಳಲಿಲ್ಲ, ನಗುತ್ತಲೇ ಹೇಳಿದರು. ಆದರೆ ಅಂಗಳದಿಂದ ನೋಡಿದಾಗ ನನಗೆ ಅರ್ಥವಾಯ್ತು. ಬಂಗಲೆಯನ್ನು ಕೂರಿಸಿದ ಜಾಗವೇ ಹಾಗಿದೆ. ತೋಟ ಪೂರ್ತಿ ಕಾಣುತ್ತದೆ, ಲಯದ ತಗಡಿನ ಮಾಡು ಮಾತ್ರ ಕಾಣುವುದಿಲ್ಲ. ಆ ಮಾಡು ನೋಡಬೇಕೆಂದೇ ಬಂದಿದ್ದ ನನಗೆ ಆ ರಾತ್ರಿ ನಿದ್ದೆ ಸರಿ ಬರಲಿಲ್ಲ.

ಕಂದಪೊಳದ ಟೀ ಫ್ಯಾಕ್ಟರಿ ಹೋಟೆಲ್ ಬೇರೆಯದೇ ರೀತಿ. ಇದು ಹೆತರ್‌ಸೆಟ್ ತೋಟದ ಫ್ಯಾಕ್ಟರಿ, ಈಗ ಹೆರಿಟನ್ಸ್ ಟೀ ಫ್ಯಾಕ್ಟರಿ ಎಂಬ ಹೋಟೆಲ್. ಸುಮಾರು 2,000 ಮೀಟರ್ ಎತ್ತರ. ಮಂಜು ಕಿಟಕಿಗೆ ಬಂದು ಅಂಟಿಕೊಳ್ಳುತ್ತದೆ. ನಾವು ಮಲಗಿದ ಅಂತಸ್ತಿನಲ್ಲಿ ಹಿಂದೆ ಎಲೆ ಬಾಡಿಸುತ್ತಿದ್ದರಂತೆ. ಹಸಿ ಎಲೆಯ ನೀರು ಒಂದಷ್ಟು ಆರದಿದ್ದರೆ ಉರುಳಿಸುವ ಯಂತ್ರದಲ್ಲಿ ಅದು ಸುರುಳಿಯಾಗದೆ ಹರಿದು ಪುಡಿಯಾಗುತ್ತದೆ. ಅದಕ್ಕೇ ಗಾಳಿ ಚೆನ್ನಾಗಿ ಆಡುವ ಮೇಲಿನ ಅಂತಸ್ತುಗಳು, ಸಾಲುಸಾಲು ಕಿಟಕಿ. ಹಳೆಯ ಎಂಜಿನ್, ದೊಡ್ಡ ಫ್ಯಾನುಗಳು, ಕಬ್ಬಿಣದ ಕಂಬಗಳು ಎಲ್ಲವನ್ನೂ ಹಾಗೇ ಉಳಿಸಿಕೊಂಡಿದ್ದಾರೆ. ನನ್ನ ಗಂಡನಿಗೆ ಯಂತ್ರಗಳೆಂದರೆ ಪ್ರಾಣ, ಅವರು ಅಲ್ಲೇ ಬೀಡುಬಿಟ್ಟರು. ಈ ಊರಿಗೆ ಹಿಂದೆ ಚಿಕ್ಕ ಗೇಜಿನ ರೈಲು ಬರುತ್ತಿತ್ತು. ಅದರ ನೆನಪಿಗೆ ಒಂದು ಹಳೆಯ ಬೋಗಿಯಲ್ಲಿ ಊಟದ ಮನೆ ಮಾಡಿದ್ದಾರೆ.

ಒಂದು ರಾತ್ರಿಗೆ ಇದು ಸೊಗಸಾದ ಜಾಗ. ಮಕ್ಕಳಿದ್ದರೆ ಇನ್ನೂ ಚೆನ್ನ. ಆದರೆ ಇದು ದೊಡ್ಡ ಹೋಟೆಲ್, ಮನೆಯಲ್ಲ. ಪಕ್ಕದ ಕೋಣೆಯವರು ಯಾರು ಅಂತ ಗೊತ್ತಾಗುವ ಮೊದಲೇ ನಾವು ಹೊರಟಾಗಿತ್ತು.

ನಾನುಓಯ ಎಂಬ ನಿಲ್ದಾಣದಿಂದ ಹಪುತಳೆಗೆ ರೈಲು. ದಾರಿಯಲ್ಲಿ ಪಟ್ಟಿಪೊಳ ಬರುತ್ತದೆ, ಲಂಕಾದ ಅತಿ ಎತ್ತರದ ರೈಲು ನಿಲ್ದಾಣ. ಅಲ್ಲಿಂದ ಮುಂದೆ ಸುರಂಗ ದಾಟಿದರೆ ಗಾಳಿ ಬೇರೆ, ಬಿಸಿಲು ಬೇರೆ. ಹಪುತಳೆ ಊರು ಬೆಟ್ಟದ ಏಣಿನ ಮೇಲೆ ಕೂತಿದೆ. ಬೀದಿಯ ಒಂದು ಕಡೆ ನಿಂತರೆ ಒಂದು ಕಣಿವೆ, ರಸ್ತೆ ದಾಟಿದರೆ ಇನ್ನೊಂದು.

ನಮ್ಮ ಬಂಗಲೆ ಊರಿನಿಂದ ನಾಲ್ಕು ಕಿಲೋಮೀಟರ್. ಹಿಂದೆ "ಸಿನ್ನ ದೊರೈ" ಅಂದರೆ ಸಹಾಯಕ ಮ್ಯಾನೇಜರ್ ಇದ್ದ ಮನೆ. ನಾಲ್ಕೇ ಕೋಣೆ. ಕೊರತೆಗಳನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿನೀರು ಒಬ್ಬರ ಸ್ನಾನಕ್ಕೆ ಬಂದರೆ ಇನ್ನೊಬ್ಬರಿಗೆ ಅರ್ಧ ಗಂಟೆ ಕಾಯಬೇಕು. ಗೋಡೆಯಲ್ಲಿ ತೇವದ ವಾಸನೆ. ಹಾಸಿಗೆ ಮಧ್ಯದಲ್ಲಿ ಕುಸಿದಿತ್ತು. ಗೇಟಿನಿಂದ ಮನೆಗೆ ಅರವತ್ತು ಮೆಟ್ಟಿಲು, ಅಮ್ಮ ಮೂರು ಕಡೆ ಕೂತು ಹತ್ತಿದರು. ಮಂಡಿನೋವು ಜಾಸ್ತಿ ಇರುವವರನ್ನು ಇಲ್ಲಿಗೆ ಕರೆತರಬೇಡಿ.

ಆದರೆ ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಅಡುಗೆ ಮಾಡುವ ಅಕ್ಕ ಪಕ್ಕದ ಲಯದವರು. ಬೆಳಿಗ್ಗೆ ಇಡಿಯಾಪ್ಪಂ ಒತ್ತುತ್ತಿದ್ದರು. ಅಮ್ಮ "ಇದು ನಮ್ಮ ಸೇಮಿಗೆ ಅಲ್ವಾ!" ಅಂತ ಹೋಗಿ ಪಕ್ಕದಲ್ಲೇ ಕೂತರು. ಅಮ್ಮನಿಗೆ ರಬ್ಬರ್ ತೋಟದವರ ಸಹವಾಸದಿಂದ ಅಷ್ಟಿಷ್ಟು ತಮಿಳು ಬರುತ್ತದೆ. ಅದಕ್ಕೆ ಜೊತೆಯಾಗಿ ತೆಂಗಿನತುರಿ, ಒಣಮೆಣಸು, ಈರುಳ್ಳಿ, ನಿಂಬೆಹುಳಿ ಹಾಕಿ ಜಜ್ಜಿದ ಪೊಲ್ ಸಂಬೋಲ್. ಆಮೇಲೆ ತೊವ್ವೆಯಂಥ ಪರಿಪ್ಪು. ಎಮ್ಮೆ ಮೊಸರಿಗೆ ಕಿತುಲ್ ಪಾಕ ಸುರಿದು ಕೊಟ್ಟರು. ಕಿತುಲ್ ಅಂದರೆ ನಮ್ಮ ಬೈನೆ ಮರ. ನಮ್ಮಲ್ಲಿ ಅದರ ಕಳ್ಳು ಇಳಿಸುವುದು ಗೊತ್ತು. ಇಲ್ಲಿ ಅದರ ನೀರಾವನ್ನು ಕಾಯಿಸಿ ಜೇನಿನಷ್ಟು ಗಟ್ಟಿ ಮಾಡುತ್ತಾರೆ. ಆರು ದಿನದ ಊಟದಲ್ಲಿ ನನಗೆ ನೆನಪಿರುವುದು ಇದೊಂದೇ.

ಮರುದಿನ ಬೆಳಿಗ್ಗೆ ಐದೂವರೆಗೆ ನಾನೂ ಗಂಡನೂ ಲಿಪ್ಟನ್ ಸೀಟ್‌ಗೆ ಹೊರಟೆವು. ಥಾಮಸ್ ಲಿಪ್ಟನ್ 1890ರಲ್ಲಿ ಕೊಂಡ ದಂಬತೆನ್ನ ತೋಟದ ಮೇಲಿರುವ ಜಾಗ. ಫ್ಯಾಕ್ಟರಿಯಿಂದ ಸುಮಾರು ಏಳು ಕಿಲೋಮೀಟರ್ ಏರು. ಒಂಬತ್ತು ಗಂಟೆಯೊಳಗೆ ತಲುಪಬೇಕು, ಆಮೇಲೆ ಮಂಜು ಏನನ್ನೂ ಕಾಣಲು ಬಿಡುವುದಿಲ್ಲ. ಹಪುತಳೆ ಹತ್ತಿರವೇ ಅಡಿಶಾಮ್ ಬಂಗಲೆಯೂ ಇದೆ. ಸರ್ ಥಾಮಸ್ ವಿಲಿಯರ್ಸ್ 1931ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಮನೆ. ಈಗ ಕ್ರೈಸ್ತ ಸನ್ಯಾಸಿಗಳ ಮಠ. ಅವರೇ ಮಾಡಿದ ಜಾಮ್ ಮಾರುತ್ತಾರೆ, ಎರಡು ಬಾಟಲಿ ತಂದೆವು.

ಆ ಸಂಜೆ ಅಡುಗೆಯ ಅಕ್ಕ ನಾವು ಕೇಳದೆಯೇ ತಮ್ಮ ಮನೆಗೆ ಕರೆದರು. ಒಂದೇ ಮಾಡಿನ ಕೆಳಗೆ ಹನ್ನೆರಡು ಮನೆ. ಒಂದು ಕೋಣೆ, ಅದರ ಹಿಂದೆ ಅಡುಗೆಗೆ ಸ್ವಲ್ಪ ಜಾಗ, ಮುಂದೆ ಚಿಕ್ಕ ಜಗಲಿ. ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದು, ಈಗಲೂ ಅದರಲ್ಲೇ ವಾಸ. ಅವರ ಅತ್ತೆ ನಲವತ್ತು ವರ್ಷ ಎಲೆ ಕೊಯ್ದವರು. ಬೆರಳ ತುದಿಗಳಲ್ಲಿ ಕಪ್ಪು ಗೀರುಗಳು ಉಳಿದುಬಿಟ್ಟಿವೆ. ಸೊಸೆಯ ತಂಗಿಗೆ ನಾವು ಹೋದಾಗ ದಿನಕ್ಕೆ 1,350 ಲಂಕಾ ರೂಪಾಯಿ ಸಿಗುತ್ತಿತ್ತು, ಹದಿನೆಂಟು ಕಿಲೋ ಎಲೆ ತಂದರೆ. 1948ರಲ್ಲಿ ಪೌರತ್ವ ಕಾನೂನು ಬಂದಾಗ ಇವರ ಹಿರಿಯರು ತಾವು ದುಡಿದ ದೇಶದಲ್ಲೇ ಯಾವ ದೇಶದವರೂ ಅಲ್ಲದಂತಾದರು. ಆಮೇಲೆ ಒಬ್ಬ ಅಣ್ಣ ಇಲ್ಲಿ ಉಳಿದ, ಇನ್ನೊಬ್ಬ ಹಡಗು ಹತ್ತಿದ. ಪ್ರತಿ ಸಾಲಿನಲ್ಲೂ ಅಂಥ ಮನೆಗಳಿವೆ.

ನಾವು ಸುಳ್ಯದ ಕಥೆ ಹೇಳಿದೆವು. ಆ ಅತ್ತೆ ಕೇಳಿದ್ದು ಎರಡೇ ಮಾತು. ಅಲ್ಲಿ ಚಳಿ ಇದೆಯಾ? ಅಲ್ಲಿ ಮನೆ ಅವರ ಹೆಸರಲ್ಲಿದೆಯಾ? ಮೊದಲನೆಯದಕ್ಕೆ ಇಲ್ಲ, ಸೆಕೆ ಅಂದೆ. ಎರಡನೆಯದಕ್ಕೆ ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು. ನನ್ನ ಗೆಳತಿಯ ಮನೆಯವರು ಇವತ್ತಿಗೂ ಇರುವುದು ತೋಟದ ಕ್ವಾರ್ಟರ್ಸ್‌ನಲ್ಲಿ. ಹೊರಡುವಾಗ ಆ ಅತ್ತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಟೀ ಪುಡಿ ಕಟ್ಟಿಕೊಟ್ಟರು, ಆ ಅಜ್ಜಿಗೆ ಕೊಡಿ ಅಂತ.

ಮೂರರಲ್ಲಿ ಯಾವುದು ಅಂತ ಕೇಳಿದರೆ, ವಯಸ್ಸಾದವರ ಜೊತೆ ಹೋಗುವುದಾದರೆ, ಕೈಯಲ್ಲಿ ದುಡ್ಡೂ ಇದ್ದರೆ ಹ್ಯಾಟನ್ ಕಡೆ ಸುಖ. ಒಂದೇ ರಾತ್ರಿ ಇದ್ದರೆ ಕಂದಪೊಳ. ನನ್ನ ಮಟ್ಟಿಗೆ ಹಪುತಳೆ, ಕುಸಿದ ಹಾಸಿಗೆ ಸಮೇತ. ಬುಕ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: ಅಡುಗೆ ಮಾಡುವವರು ಎಲ್ಲಿಯವರು, ತೋಟದೊಳಗೆ ನಮ್ಮಷ್ಟಕ್ಕೆ ನಡೆಯಬಹುದಾ. ಉತ್ತರದಲ್ಲೇ ಆ ಮನೆ ಎಂಥದ್ದು ಅಂತ ತಿಳಿಯುತ್ತದೆ. ತಿಂಗಳನ್ನೂ ನೋಡಿಕೊಳ್ಳಿ. ಹ್ಯಾಟನ್, ನುವರ ಎಲಿಯ ಕಡೆಗೆ ಜನವರಿಯಿಂದ ಮಾರ್ಚ್ ಒಳ್ಳೆಯದು. ಮೇ ತಿಂಗಳಿಂದ ಅಲ್ಲಿ ಮಳೆ ಹಿಡಿಯುತ್ತದೆ. ಹಪುತಳೆ ಇರುವ ಊವ ಸೀಮೆಗೆ ಜುಲೈಯಿಂದ ಸೆಪ್ಟೆಂಬರ್. ಆಗ ಬೀಸುವ ಒಣಗಾಳಿಗೆ ಎಲೆಯ ಪರಿಮಳ ಹೆಚ್ಚುತ್ತದೆ, ಊವ ಟೀಗೆ ಹೆಸರು ಬಂದದ್ದೇ ಆ ತಿಂಗಳುಗಳಿಂದ.

ಮುಂದಿನ ಆಗಸ್ಟ್‌ಗೆ ಅದೇ ಮನೆಯಲ್ಲಿ ನಾಲ್ಕು ರಾತ್ರಿಗೆ ಎರಡು ಕೋಣೆ ಹೇಳಿದ್ದೇನೆ. ಒಂದು ನಮಗೆ, ಇನ್ನೊಂದು ನನ್ನ ಗೆಳತಿಗೆ. ಅಜ್ಜಿಗೆ ಈಗ ಪ್ರಯಾಣ ಆಗುವುದಿಲ್ಲ. ತಮ್ಮ ಲಯದ ದಾರಿಯನ್ನು ಮೊಮ್ಮಗಳಿಗೆ ಬಾಯಲ್ಲೇ ಹೇಳಿ ಬರೆಸಿದ್ದಾರೆ: ಫ್ಯಾಕ್ಟರಿ ದಾಟಿ ಮುನಿಯಾಂಡಿ ಗುಡಿ, ಅಲ್ಲಿಂದ ಎಡಕ್ಕೆ ತೊರೆ, ತೊರೆಯ ಮೇಲೆ ಮೂರನೇ ಸಾಲು.