ಕಿಟ್ ಲಾರಿ, ಮುಚ್ಚಳದ ಲಾರಿ

ಎರಡು ಮಾದರಿ ಲಾರಿ ಕಟ್ಟಿ ಮುಗಿಸಿದ್ದೇನೆ. ಒಂದು ಇಟಲಿಯ ಮಾದರಿ ಕಂಪನಿ ಇಟಲೇರಿಯ ಸ್ಕ್ಯಾನಿಯಾ ಲಾರಿ, 1:24 ಅಳತೆಯ, ಅಂದರೆ ನಿಜವಾದ ಲಾರಿಯ 24ನೇ ಒಂದು ಪಾಲು ಉದ್ದದ, ಪ್ಲಾಸ್ಟಿಕ್ ಕಿಟ್. ಇನ್ನೊಂದು ಮೂತಿಯಿದ್ದ ಹಳೇ ಟಾಟಾ ನಾಟಾ ಲಾರಿ, 1:35; ಶಿವಮೊಗ್ಗದ ಫ್ಲೆಕ್ಸ್ ಅಂಗಡಿಯಲ್ಲಿ ಬಿಸಾಡುವ ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮ್ ಹಲಗೆ) ಚೂರುಗಳಿಂದ ಮಾಡಿದ್ದು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಎರಡೂ ಒಂದು ಮಳೆಗಾಲ ಕಳೆದಿವೆ.

ಅಚ್ಚುಕಟ್ಟಿನಲ್ಲಿ ಕಿಟ್ಟೇ ಮೇಲು. ಎಂಜಿನ್, ಚಾಸಿ ಎಲ್ಲ ಬಿಡಿಬಿಡಿಯಾಗಿ ಬರುತ್ತದೆ. ಅದರ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವುದರಿಂದ ಜೋಡಣೆ ಗಟ್ಟಿ. ಆದರೆ ಒಂದು ಕಾಲಕ್ಕೆ ನಾಟಾ ಲಾರಿ ಓಡಿಸಿದ ನಮ್ಮ ದೊಡ್ಡಪ್ಪ ಕ್ಯಾಬಿನ್ ಒಳಗೆ ಬಗ್ಗಿ ನೋಡಿ, "ಸ್ಟೇರಿಂಗ್ ಎಡಕ್ಕಿದ್ಯಲ್ಲ ಮಾರಾಯ, ಗಾಡಿ ಓಡ್ಸೋದು ಕ್ಲೀನರ್ರಾ?" ಅಂದರು. ಅಲ್ಲಿಗೆ ನನ್ನ ಸ್ಕ್ಯಾನಿಯಾದ ಜಂಬ ಇಳಿಯಿತು.

ಸನ್‌ಬೋರ್ಡ್ ಲಾರಿಗೆ ನನ್ನನ್ನು ಕಾಡಿದ್ದು ಚಕ್ರ. ಇಂಥ ಲಾರಿಯ 9.00-20 ಸೈಜಿನ ಟೈರಿನ ಎತ್ತರ ಹೆಚ್ಚುಕಮ್ಮಿ ಒಂದು ಮೀಟರ್. 1:24ರಲ್ಲಿ ಅದು 42 ಮಿ.ಮೀ.; ಅಷ್ಟು ದೊಡ್ಡದು ಹುಡುಕಿ ಸಾಕಾಯಿತು. 1:35ಕ್ಕೆ ಇಳಿಸಿದರೆ 29 ಮಿ.ಮೀ. ನೀರಿನ ಬಾಟಲಿ ಮುಚ್ಚಳ! ಅಂಚಿನ ಗೀರುಗಳು ಟೈರಿನ ಬಟನ್ನಿನಂತೆಯೇ ಕಾಣುತ್ತವೆ. ಹಿಂದಿನ ಜೋಡಿ ಚಕ್ರಕ್ಕೆ ಇಡೀ ಮುಚ್ಚಳ, ಮುಂದಿನದಕ್ಕೆ ಅರ್ಧ ಕತ್ತರಿಸಿದ್ದು. ಅಳತೆಯನ್ನು ನಾನು ಆರಿಸಲಿಲ್ಲ, ಮುಚ್ಚಳವೇ ಆರಿಸಿತು.

ಲಾರಿ ನಿಲ್ಲಿಸಲು ಮಾಡಿದ ಆಗುಂಬೆ ಘಾಟಿಯ ದೃಶ್ಯಕ್ಕೂ ಅದೇ ಒಳ್ಳೆಯದಾಯಿತು. ಹೇರ್‌ಪಿನ್ ತಿರುವಿನ ತ್ರಿಜ್ಯ 14 ಮೀಟರ್ ಅಂತ ಹಿಡಿದರೆ 1:24ರಲ್ಲಿ 58 ಸೆಂ.ಮೀ., 1:35ರಲ್ಲಿ 40. ಮೊದಲನೆಯದು ನಮ್ಮ ಊಟದ ಮೇಜಿಗೇ ಹಿಡಿಸಲಿಲ್ಲ. ಆಗುಂಬೆಯ 14 ತಿರುವುಗಳಲ್ಲಿ ಒಂದಕ್ಕೇ ಈ ಪಾಡು. ಗುಡ್ಡ ಮಾತ್ರ ಎರಡು ಸಲ ಮಾಡಬೇಕಾಯಿತು. ಥರ್ಮಕೋಲಿನ ಮೇಲೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆದೆ, ಗುಡ್ಡ ಕುಸಿದು ಹೊಂಡವಾಯಿತು. ಎರಡನೇ ಸಲ ಮೊದಲು ಫೆವಿಕಾಲ್ ಬೆರೆಸಿದ ಕಾಗದ ಹೊದಿಸಿದೆ. ಮೇಲೆ ಜರಡಿ ಹಿಡಿದ ಅಂಗಳದ ಕೆಮ್ಮಣ್ಣು, ಪಾಗಾರದಿಂದ ಕೆರೆದು ಒಣಗಿಸಿದ ಪಾಚಿ. ಅಂಗಡಿಯಿಂದ ತಂದ ಹಸಿರು ಪುಡಿ ಇದರ ಮುಂದೆ ಸಪ್ಪೆ.

ಜುಲೈಯಲ್ಲಿ ಬಣ್ಣ ಹಚ್ಚಬೇಡಿ. ಕಿಟ್ಟಿಗೆ ಹೊಡೆದ ಲ್ಯಾಕರ್ ತೇವಕ್ಕೆ ಹಾಲಿನಂತೆ ಮಬ್ಬಾಯಿತು, ಉಜ್ಜಿ ಮತ್ತೆ ಹೊಡೆದೆ. ಸನ್‌ಬೋರ್ಡಿಗೆ ಕೈಯಲ್ಲಿ ಬಳಿದ ಆಕ್ರಿಲಿಕ್ ಒಣಗಲು ತಡವಾದರೂ ಕೆಡಲಿಲ್ಲ. ಫೆವಿಕ್ವಿಕ್ ತೇವಕ್ಕೇ ಬಿಗಿಯುವ ಅಂಟಾದ್ದರಿಂದ ಬೇಗ ಹಿಡಿಯುತ್ತದೆ, ಸುತ್ತ ಬಿಳಿ ಹೊಗೆಯಂಥ ಕಲೆ ಬಿಡುತ್ತದೆ. ಕಿಟಕಿಯ ಪಾರದರ್ಶಕ ಹಾಳೆಗೆ ತಾಗಿಸಲೇಬಾರದು. ರಟ್ಟಿನ ತಳ ಮಾತ್ರ ಉಬ್ಬಿತು, ಅದನ್ನೂ ಸನ್‌ಬೋರ್ಡಿಗೆ ಬದಲಿಸಿದೆ.

ಸಮಯ ಇಲ್ಲದವರು ಕಿಟ್ ತಗೊಳ್ಳಿ, ಬೇಸಿಗೆಯಲ್ಲಿ ಮುಗಿಸಿ. ನನಗಂತೂ ಮುಚ್ಚಳದ ಲಾರಿಯೇ ಸೈ. ಬೆರಳು ದಪ್ಪದ ಕಾಫಿ ಕಡ್ಡಿ ನಾಟಾ ಹೇರಿ, ಹುರಿಯಲ್ಲಿ ಬಿಗಿದು ದೊಡ್ಡಪ್ಪನಿಗೆ ತೋರಿಸಿದೆ. ಈ ಸಲ ಸ್ಟೇರಿಂಗ್ ಸರಿಯಿತ್ತು. "ಸರಪಳಿ ಎಲ್ಲಿ? ಹುರೀಲಿ ಕಟ್ಟಿದ ನಾಟಾ ಮೂರನೇ ತಿರುವಲ್ಲೇ ಕೆಳಗೆ" ಅಂದರು. ಈಗ ಹೆಂಡತಿಯ ಹಳೇ ಸರಗಳ ಡಬ್ಬಿ ಕೆದಕುತ್ತಿದ್ದೇನೆ.