ಪಾಥ್‌ಫೈಂಡರ್ ಸೊಸೈಟಿ: ಗಡಿಯಾರದ ಕೈಗೆ ಸಿಕ್ಕ ಆಟ

ಪಾಥ್‌ಫೈಂಡರ್ ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಆಡುವ ಸಾಹಸ ಕಥೆಯ ಆಟ; ಕಥೆ ನಡೆಸುವವರು ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ. ಮನೆಯಲ್ಲಿ ನಡೆಸುವ ಈ ಆಟ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಐದು ಜನಕ್ಕೆ ಒಂದೇ ಭಾನುವಾರ ಬಿಡುವು ಸಿಗುವುದಿಲ್ಲ. ಆಟವನ್ನು ಹೊರತರುವ ಪೈಜೋ ಕಂಪನಿ 2008ರಲ್ಲಿ ಶುರುಮಾಡಿದ ಪಾಥ್‌ಫೈಂಡರ್ ಸೊಸೈಟಿಯಲ್ಲಿ ಆ ತಲೆನೋವಿಲ್ಲ. ಪಾತ್ರ ನಿಮ್ಮದು, ಟೇಬಲ್ ಯಾರದ್ದಾದರೂ ಆಗಬಹುದು. ಅಂಗಡಿ, ಕನ್ವೆನ್ಷನ್, ಆನ್‌ಲೈನ್, ಎಲ್ಲಿ ಕೂತರೂ ಅದೇ ಪಾತ್ರ, ಅದೇ ಲೆವೆಲ್ (ಪಾತ್ರದ ಬಲದ ಮಟ್ಟ), ಅದೇ ಆಸ್ತಿಪಾಸ್ತಿ. ಇಲ್ಲಿ ಹೇಳುತ್ತಿರುವುದು 2019ರಲ್ಲಿ ಶುರುವಾದ ಎರಡನೇ ಆವೃತ್ತಿಯ ಬಗ್ಗೆ.

ಸದಸ್ಯತ್ವಕ್ಕೆ ದುಡ್ಡಿಲ್ಲ. ಪೈಜೋ ತಾಣದಲ್ಲಿ ಖಾತೆ ತೆರೆದರೆ ಸೊಸೈಟಿ ನಂಬರ್ ಸಿಗುತ್ತದೆ. ಈ ಆವೃತ್ತಿಯ ಮೊದಲ ಪಾತ್ರಕ್ಕೆ ಆ ನಂಬರಿನ ಪಕ್ಕ ಅಡ್ಡಗೆರೆ ಹಾಕಿ 2001 ಅಂತ ಬರುತ್ತದೆ, ಎರಡನೆಯದಕ್ಕೆ 2002. ನಿಯಮಗಳನ್ನೆಲ್ಲ ಆರ್ಕೈವ್ಸ್ ಆಫ್ ನೆಥಿಸ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಓದಬಹುದು. ಆದರೆ ಮೂಲ ಪುಸ್ತಕದಾಚೆಯ ಆಯ್ಕೆಗಳನ್ನು ಬಳಸಬೇಕೆಂದರೆ ಆ ಪುಸ್ತಕ ಅಥವಾ ಪಿಡಿಎಫ್ ನಿಮ್ಮ ಹತ್ತಿರ ಇರಬೇಕು. ಹೊಸಬರು ಎಡವುವುದು ಇಲ್ಲೇ. ಮೊದಲ ಸಲಕ್ಕೆ ಇದ್ಯಾವುದೂ ಬೇಡ. 1, 3, 5ನೇ ಲೆವೆಲ್‌ಗಳ ಸಿದ್ಧ ಪಾತ್ರಗಳು ಪುಕ್ಕಟೆ ಸಿಗುತ್ತವೆ, ಒಂದನ್ನು ಎತ್ತಿಕೊಂಡು ಕೂತರಾಯಿತು.

ಒಂದು ಸಿನಾರಿಯೋ, ಅಂದರೆ ಒಂದೇ ಸಲ ಕೂತು ಮುಗಿಸುವ ಕಥೆ, ನಾಲ್ಕರಿಂದ ಐದು ಗಂಟೆ. ಮುಗಿದರೆ 4 ಎಕ್ಸ್‌ಪಿ (ಅನುಭವದ ಅಂಕ), 12ಕ್ಕೆ ಒಂದು ಲೆವೆಲ್. ಅಂದರೆ ಮೂರು ಸಿಟಿಂಗ್‌ಗೆ ಒಂದು ಲೆವೆಲ್, ಗ್ಯಾರಂಟಿ. ಮನೆಯಾಟದಲ್ಲಿ ಲೆವೆಲ್‌ಗೆ 1000 ಎಕ್ಸ್‌ಪಿ ಬೇಕು, ಮಧ್ಯಮ ಮಟ್ಟದ ಒಂದು ಕಾಳಗಕ್ಕೆ ಸಿಗುವುದು 80. ಆರಾಮಾಗಿ ಮಾತಾಡಿಕೊಂಡು ಆಡುವ ಗುಂಪಿಗೆ ಅಷ್ಟು ಕಾಳಗ ಆಗುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ಸೊಸೈಟಿಯಲ್ಲಿ ಏಳುವ ಮುಂಚೆ ಕ್ರಾನಿಕಲ್ ಶೀಟ್, ಅಂದರೆ ಆಟದಲ್ಲಿ ಗಳಿಸಿದ್ದರ ಹಾಳೆ, ಕೇಳಿ ಪಡೆಯಿರಿ. ಪಾತ್ರದ ನಂಬರ್ ಅದರಲ್ಲಿ ಸರಿಯಾಗಿದೆಯೇ ನೋಡಿ. ಜಿಎಂ ಆಟವನ್ನು ಪೈಜೋಗೆ ರಿಪೋರ್ಟ್ ಮಾಡದಿದ್ದರೆ ನಿಮ್ಮ ಖಾತೆಯಲ್ಲಿ ಅದು ಕಾಣುವುದೇ ಇಲ್ಲ, ಆಗ ಈ ಹಾಳೆಯೇ ದಾಖಲೆ.

ಗುರುತಿಲ್ಲದವರು ಒಂದೇ ಟೇಬಲ್‌ಗೆ ಬಂದರೆ ಲೆವೆಲ್‌ಗಳು ಏರುಪೇರಾಗಿರುತ್ತವೆ. ಅದಕ್ಕೆ ಚಾಲೆಂಜ್ ಪಾಯಿಂಟ್ ಲೆಕ್ಕವಿದೆ. 1ರಿಂದ 4ನೇ ಲೆವೆಲ್‌ನ ಸಿನಾರಿಯೋದಲ್ಲಿ ಪ್ರತಿ ಪಾತ್ರಕ್ಕೆ ಲೆವೆಲ್‌ವಾರು 2, 3, 4, 6 ಪಾಯಿಂಟ್. ನಾಲ್ಕು ಜನ ಸೇರಿ 15ರವರೆಗೆ ಆದರೆ ಸುಲಭದ ಕೆಳಹಂತ, 16 ಆದರೆ ಕಠಿಣವಾದ ಮೇಲಿನ ಹಂತ. 1, 3, 3, 4ನೇ ಲೆವೆಲ್‌ನವರು ಕೂತರೆ 2+4+4+6, ಸರಿಯಾಗಿ 16. ಈಗ ಆ ಒಂದನೇ ಲೆವೆಲ್‌ನವರ ಗತಿ ನೋಡಿ. ಲೆವೆಲ್ ಬಂಪ್ ಅಂತ ಎಲ್ಲ ಅಂಕಗಳಿಗೆ +1, ಜೊತೆಗೆ 10 ಎಚ್‌ಪಿ (ಜೀವದ ಅಂಕ) ಸಿಗುತ್ತದೆ. ಎಸಿ, ಅಂದರೆ ಏಟು ತಾಗಲು ಎದುರಾಳಿ ಮುಟ್ಟಬೇಕಾದ ಅಂಕ, 18 ಇದ್ದದ್ದು 19, ಎಚ್‌ಪಿ 20 ಇದ್ದದ್ದು 30. ಎದುರಿಗೆ 5ನೇ ಲೆವೆಲ್‌ನ ಪ್ರಾಣಿ ಬಂದರೆ ಅದರ ದಾಳಿಗೆ 20 ಮುಖದ ದಾಳದ ಮೇಲೆ ಸಾಮಾನ್ಯವಾಗಿ +15, ಏಟು ಸರಾಸರಿ 16. ಎಸಿಗಿಂತ 10 ಹೆಚ್ಚಾದರೆ ಕ್ರಿಟಿಕಲ್, ಏಟು ದುಪ್ಪಟ್ಟು, ಅಂದರೆ ದಾಳದಲ್ಲಿ 14 ಅಥವಾ ಮೇಲೆ ಬಿದ್ದರೆ ಸಾಕು. 32ರ ಏಟಿಗೆ 30 ಎಚ್‌ಪಿ ಖಾಲಿ. ಇಂಥ ಟೇಬಲ್‌ನಲ್ಲಿ ಒಂದನೇ ಲೆವೆಲ್‌ನವರು ಹಿಂದಿನ ಸಾಲಲ್ಲಿ ನಿಲ್ಲಬೇಕು, ಆಪತ್ತಿಗೆಂದು ಆಟದಲ್ಲಿ ಸಿಗುವ ಹೀರೋ ಪಾಯಿಂಟನ್ನು ಸಾಯದೇ ಉಳಿಯಲು ಎತ್ತಿಡಬೇಕು. ಮನೆಯಲ್ಲಾದರೆ ಈ ರಗಳೆಯೇ ಇಲ್ಲ. ಎಲ್ಲರೂ ಒಟ್ಟಿಗೇ ಲೆವೆಲ್ ಏರುತ್ತಾರೆ, ಕಾಳಗ ಹದ ತಪ್ಪಿತೆಂದರೆ ಜಿಎಂ ಒಂದು ಪ್ರಾಣಿಯನ್ನು ಸದ್ದಿಲ್ಲದೆ ತೆಗೆದುಬಿಡುತ್ತಾರೆ.

ಸೊಸೈಟಿಯ ನಿಯಮ ಬಿಗಿ ಎನ್ನುವುದು ಹಳೇ ದೂರು. ಅದು ಅಷ್ಟೇನೂ ಕಾಡುವುದಿಲ್ಲ. ಅಪರಿಚಿತರ ಜೊತೆ ಜಗಳವಿಲ್ಲದೆ ಆಡಲು ಬಿಗಿ ನಿಯಮವೇ ಒಳ್ಳೆಯದು. ನಿಜವಾದ ನಷ್ಟ ಸಮಯದ್ದು. ಕಥೆಯೊಳಗೆ ಕೆಲಸ ಒಪ್ಪಿಸುವ ವೆಂಚರ್ ಕ್ಯಾಪ್ಟನ್ ಜೊತೆಗಿನ ಮಾತುಕತೆಗೇ ಮುಕ್ಕಾಲು ಗಂಟೆ ಹೋದರೆ ಕೊನೆಯ ಕಾಳಗವನ್ನು ಓಡೋಡಿ ಮುಗಿಸಬೇಕಾಗುತ್ತದೆ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಟೇಬಲ್ ಖಾಲಿ ಆಗಲೇಬೇಕಲ್ಲ. ಜಿಎಂ ಆಗುವವರು ಆರಂಭದ ಮಾತುಕತೆಯನ್ನು 20 ನಿಮಿಷಕ್ಕೆ ನಿಲ್ಲಿಸಿ, ಕಾಳಗದ ಜಾಗದ ನಕ್ಷೆಯಿರುವ 24ಕ್ಕೆ 30 ಇಂಚಿನ ಫ್ಲಿಪ್ ಮ್ಯಾಟ್‌ಗಳನ್ನು ಕಾಳಗದ ಅನುಕ್ರಮದಲ್ಲೇ ಜೋಡಿಸಿಟ್ಟುಕೊಂಡು, ಮೂರನೇ ಗಂಟೆ ಮುಗಿಯುವಷ್ಟರಲ್ಲಿ ಕೊನೆಯ ಜಾಗಕ್ಕೆ ಆಟಗಾರರನ್ನು ತಂದುಬಿಡಬೇಕು. ಆಟಗಾರರು ದಾರಿಯಲ್ಲಿ ಸಿಕ್ಕ ಒಬ್ಬ ಮೀನು ಮಾರುವವಳ ಜೊತೆ ಹರಟೆಗೆ ಬಿದ್ದು, ಮೂರು ಆಟ ಬಿಟ್ಟು ಅವಳೇ ಖಳನಾಯಕಿಯಾಗಿ ಎದುರಾಗುವ ಸುಖ ಇಲ್ಲಿ ಸಿಗುವುದಿಲ್ಲ. ನೀವು ಸುಟ್ಟ ಸೇತುವೆ ಪಕ್ಕದ ಟೇಬಲ್‌ನಲ್ಲಿ ಇನ್ನೂ ನಿಂತೇ ಇರುತ್ತದೆ.

ಬೆಂಗಳೂರಿನಿಂದ ಆನ್‌ಲೈನ್ ಆಡುವವರು ಹೆಸರು ಕೊಡುವ ಮುಂಚೆ ಹೊತ್ತು ಲೆಕ್ಕಹಾಕಿ. ಬೇಸಿಗೆಯಲ್ಲಿ ಅಮೆರಿಕದ ಪೂರ್ವ ತೀರದ ಸಂಜೆ 7 ಎಂದರೆ ನಮಗೆ ಮರುದಿನ ಬೆಳಗಿನ ಜಾವ 4:30. ಜರ್ಮನಿಯ ಸಂಜೆ 7 ನಮ್ಮ ರಾತ್ರಿ 10:30, ಆಟ ಮುಗಿಯುವಾಗ ಮೂರು ಗಂಟೆ. ಅಮೆರಿಕದ ಟೇಬಲ್ಲೇ ವಾಸಿ. ಶನಿವಾರ ಬೇಗ ಎದ್ದರೆ ತಿಂಡಿ ಹೊತ್ತಿಗೆ ಮುಗಿದಿರುತ್ತದೆ.

ನಂಬಿಕೆಯ ನಾಲ್ಕು ಜನ ಈಗಾಗಲೇ ಇದ್ದರೆ ಸೊಸೈಟಿಗಿಂತ ಮನೆಯಾಟವೇ ಮೇಲು. ಎರಡೂ ಬೇಕೆನ್ನುವವರಿಗೆ ಕ್ಯಾಂಪೇನ್ ಮೋಡ್ ಇದೆ: ಸೊಸೈಟಿ ಮಾನ್ಯ ಮಾಡಿರುವ ಅಡ್ವೆಂಚರ್ ಪಾತ್ (ಪೈಜೋ ಹೊರತರುವ ಉದ್ದನೆಯ ಸರಣಿ ಕಥೆ) ಒಂದನ್ನು ಮನೆಯಲ್ಲಿ ನಿಮ್ಮದೇ ನಿಯಮಗಳೊಂದಿಗೆ, ನಿಮ್ಮದೇ ವೇಗದಲ್ಲಿ ಆಡಿ, ಕ್ರಾನಿಕಲ್ ಶೀಟನ್ನು ಸೊಸೈಟಿಯ ಪಾತ್ರಕ್ಕೆ ಹಚ್ಚಿಕೊಳ್ಳಬಹುದು. ಆ ಮನೆಯಾಟದಲ್ಲಿ ಪಾತ್ರ ಸತ್ತರೂ ಸೊಸೈಟಿಯ ಪಾತ್ರಕ್ಕೆ ಏನೂ ಆಗುವುದಿಲ್ಲ. ರಿಪೋರ್ಟ್ ಮಾಡಲು ಈವೆಂಟ್ ನಂಬರ್ ಬೇಕು, ಅದನ್ನು ಪೈಜೋ ಖಾತೆಯಲ್ಲೇ ಮೊದಲು ಮಾಡಿಸಿಟ್ಟುಕೊಳ್ಳಿ.